ಸಂಬಳದ ಸಾಕ್ಷಿ

ಮದುವೆಯ ಸುಳ್ಳು ಮಾತು ಕೊಟ್ಟು ಹೆಣ್ಣುಗಳನ್ನು ಮರುಳುಗೊಳಿಸಿ, ಬೆಳಗಾಗುವುದರೊಳಗೆ ಕುದುರೆಯೇರಿ ಕಣ್ಮರೆಯಾಗುವ ಸ್ಪೇನಿನ ಶ್ರೀಮಂತ ಡಾನ್ ಜುವಾನನ ಹೆಸರು ಲೋಕಪ್ರಸಿದ್ಧ. ತಾನೇ ಕೊಂದ ವೃದ್ಧನ ಶಿಲಾಪ್ರತಿಮೆಯನ್ನು ಊಟಕ್ಕೆ ಕರೆದು, ಅದರ ಕೈಹಿಡಿದು ನರಕಕ್ಕಿಳಿದವನು ಅವನು. ಆದರೆ ಓಡಿಹೋಗಲು ಕುದುರೆ ಸಿದ್ಧಪಡಿಸಿದವನು ಯಾರು? ಅವನ ಆಳು. ನಾಟಕಕಾರರು ಬದಲಾದಂತೆ ಆಳಿನ ಹೆಸರೂ ಬದಲಾಯಿತು. ಅವನ ಸಂಕಟ ಮಾತ್ರ ಬದಲಾಗಲಿಲ್ಲ.

ತಿರ್ಸೋ ದ ಮೊಲಿನಾ ಎಂಬ ಸ್ಪೇನಿನ ಸಂನ್ಯಾಸಿಯದೆಂದು ಪರಂಪರೆ ಹೇಳುವ, ಸುಮಾರು 1630ರಲ್ಲಿ ಅಚ್ಚಾದ ನಾಟಕದಲ್ಲಿ ಅವನು ಕತಲಿನೋನ್. ಪಾಪಕ್ಕೆ ಶಿಕ್ಷೆ ತಪ್ಪದೆಂದು ಒಡೆಯನನ್ನು ಎಚ್ಚರಿಸುತ್ತಾನೆ. ಎಚ್ಚರಿಸಿಯೂ ಅಪ್ಪಣೆಯನ್ನು ನೆರವೇರಿಸುತ್ತಾನೆ. ಕಡೆಗೆ ಒಡೆಯನ ಸಾವನ್ನು ಕಂಡು ಬದುಕಿ ಬಂದವನು ಇವನೊಬ್ಬನೇ. ಡೋನಾ ಆನಾಳ ಶೀಲ ಕೆಟ್ಟಿಲ್ಲವೆಂದು ಡಾನ್ ಜುವಾನ್ ಸಾಯುವ ಮುನ್ನ ಹೇಳಿದುದನ್ನು ಅರಸನ ಮುಂದೆ ನಿವೇದಿಸುವವನೂ ಇವನೇ. ಕುಲೀನ ಕನ್ಯೆಯೊಬ್ಬಳ ಮಾನ ಆಳಿನ ನಾಲಗೆಯಿಂದ ಉಳಿಯುತ್ತದೆ!

1665ರಲ್ಲಿ ಪ್ಯಾರಿಸಿನಲ್ಲಿ ಮೋಲಿಯೇರ್ ಈ ಕಥೆಯನ್ನು ರಂಗಕ್ಕೆ ತಂದಾಗ ನಾಯಕನ ಪಾತ್ರವನ್ನು ಬೇರೊಬ್ಬ ನಟನಿಗೆ ಬಿಟ್ಟು, ತಾನು ಸ್ಗನರೆಲ್ ಎಂಬ ಆಳಿನ ವೇಷವನ್ನು ಧರಿಸಿದನು. ಒಡೆಯ ದುಷ್ಟನೆಂದು ಸ್ಗನರೆಲ್ ಮೊದಲ ದೃಶ್ಯದಲ್ಲಿಯೇ ಇನ್ನೊಬ್ಬ ಸೇವಕನಿಗೆ ತಿಳಿಸುತ್ತಾನೆ. ಭಯದಿಂದ ತಾನು ಹೇಸುವುದನ್ನೇ ಹೊಗಳಬೇಕಾಗಿದೆಯೆಂದು ಕೊರಗುತ್ತಾನೆ. ಮರುಕ್ಷಣವೇ, ಈ ಮಾತು ಒಡೆಯನ ಕಿವಿಗೆ ಬಿದ್ದರೆ ನೀನು ಸುಳ್ಳು ಹೇಳಿದೆಯೆಂದು ಸಾಧಿಸುವೆನೆಂದು ಬೆದರಿಸುತ್ತಾನೆ. ಕೊನೆಯಲ್ಲಿ ನೆಲ ಬಿರಿದು ಒಡೆಯನನ್ನು ನುಂಗಿದಾಗ ಅವನ ಬಾಯಿಂದ ಹೊರಡುವ ಕೂಗು ಸಂಬಳಕ್ಕಾಗಿ. ದೈವದಂಡನೆಯ ಹೊತ್ತಿನಲ್ಲಿ ಬಾಕಿಯ ಲೆಕ್ಕವೇ ಎಂದು ಧರ್ಮನಿಷ್ಠರು ಕೆರಳಿದರು.

ಲೆಕ್ಕವಿಡುವುದನ್ನೇ ಕಸುಬಾಗಿಸಿಕೊಂಡವನು ಲೆಪೊರೆಲ್ಲೊ. ದಾ ಪೊಂತೆ ಸಾಹಿತ್ಯ ರಚಿಸಿ ಮೊಜಾರ್ಟ್ ಸಂಗೀತವಿತ್ತ ಗೀತನಾಟಕ 1787ರ ಅಕ್ಟೋಬರ್ 29ರಂದು ಪ್ರಾಗ್ ನಗರದಲ್ಲಿ ಮೊದಲು ಪ್ರದರ್ಶಿತವಾಯಿತು. ಅಲ್ಲಿ ಲೆಪೊರೆಲ್ಲೊ, ವಂಚಿತಳಾದ ಎಲ್ವಿರಾಳ ಮುಂದೆ ಒಡೆಯನ ವಿಜಯಗಳ ಪಟ್ಟಿಯನ್ನು ಬಿಚ್ಚುತ್ತಾನೆ: ಇಟಲಿಯಲ್ಲಿ 640, ಜರ್ಮನಿಯಲ್ಲಿ 231, ಫ್ರಾನ್ಸಿನಲ್ಲಿ 100, ತುರ್ಕಿಯಲ್ಲಿ 91, ಸ್ಪೇನಿನಲ್ಲಿ 1003. ಪ್ರೇಕ್ಷಕರು ನಗುತ್ತಾರೆ, ಎಲ್ವಿರಾ ಮಾತ್ರ ಆ ಪಟ್ಟಿಯಲ್ಲಿ ತಾನೊಂದು ಅಂಕಿಯೆಂದು ಅರಿಯುತ್ತಾಳೆ. ಮುಂದೊಮ್ಮೆ ಅವನು ಕೆಲಸ ಬಿಟ್ಟು ಹೊರಡಲು ನಿಶ್ಚಯಿಸುತ್ತಾನೆ. ನಾಲ್ಕು ಚಿನ್ನದ ನಾಣ್ಯಗಳು ಕೈಸೇರುತ್ತಲೇ ನಿಶ್ಚಯ ಕರಗುತ್ತದೆ. ಒಡೆಯನ ಮೇಲಂಗಿಯನ್ನು ತೊಟ್ಟು, ಅದೇ ಎಲ್ವಿರಾಳನ್ನು ಮತ್ತೊಮ್ಮೆ ವಂಚಿಸುವುದಕ್ಕೂ ಒಪ್ಪುತ್ತಾನೆ.

ಡಾನ್ ಜುವಾನನಂತಹ ಪಾಪಿಗಳು ಲೋಕದಲ್ಲಿ ವಿರಳ. ತಪ್ಪೆಂದು ತಿಳಿದೂ ಹೊಟ್ಟೆಪಾಡಿಗಾಗಿ ಬಾಗಿಲು ಕಾಯುವವರು ವಿರಳರಲ್ಲ. ಆದುದರಿಂದಲೇ ಪ್ರೇಕ್ಷಕನು ಒಡೆಯನನ್ನು ಕಂಡು ಬೆರಗಾದರೂ ಆಳಿನಲ್ಲಿ ತನ್ನನ್ನೇ ಕಾಣುತ್ತಾನೆ. ಒಡೆಯನು ನರಕಕ್ಕಿಳಿದ ಮೇಲೆ ಲೆಪೊರೆಲ್ಲೊ ಇನ್ನೂ ಒಳ್ಳೆಯ ಯಜಮಾನನನ್ನು ಹುಡುಕಲು ಛತ್ರದ ದಾರಿ ಹಿಡಿಯುತ್ತಾನೆ. ತಾನೂ ಇನ್ನೂ ಒಳ್ಳೆಯ ಆಳಾಗಬೇಕೆಂದು ಅವನಿಗೆ ತೋರಿತೇ ಎಂಬುದನ್ನು ನಾಟಕ ಹೇಳುವುದಿಲ್ಲ.