ಫಲಪುಷ್ಪ ಪ್ರದರ್ಶನ ಮುಗಿದ ಮೇಲೆ ಲಾಲ್‌ಬಾಗ್‌ಗೆ ಬನ್ನಿ

ಲಾಲ್‌ಬಾಗ್ ನೋಡಿದ್ದೀರಾ ಎಂದು ಕೇಳಿದರೆ ನಮ್ಮವರಲ್ಲಿ ಅನೇಕರು ‘ನೋಡಿದ್ದೇವಲ್ಲ’ ಅಂತಾರೆ. ಯಾವಾಗ ಎಂದರೆ, ಜನವರಿ 26ರ ಅಥವಾ ಆಗಸ್ಟ್ 15ರ ಫಲಪುಷ್ಪ ಪ್ರದರ್ಶನಕ್ಕೆ. ನೂಕುನುಗ್ಗಲಲ್ಲಿ ಗಾಜಿನ ಮನೆಗೆ ಒಂದು ಸುತ್ತು, ನಾಲ್ಕು ಫೋಟೊ, ಒಂದು ಪೊಟ್ಟಣ ಚುರುಮುರಿ, ವಾಪಸ್. ಕುಂಡದ ಹೂವು ನೋಡಿದ್ದಾಯ್ತು, ಮರ ನೋಡಿದ್ದು ಕಡಿಮೆ. ಆದರೆ ಅಲ್ಲಿ ಮರಗಳ ಹಬ್ಬ ಶುರುವಾಗುವುದೇ ಜನವರಿಯ ಗದ್ದಲ ಮುಗಿದ ಮೇಲೆ.

ಫೆಬ್ರವರಿಯಲ್ಲಿ ಕೆಂಪು ಬೂರುಗ ಎಲೆಯೆಲ್ಲ ಉದುರಿಸಿ ಬರೀ ಹೂವಾಗಿ ನಿಲ್ಲುತ್ತದೆ. ಅದೇ ಹೊತ್ತಿಗೆ ತಬೂಬಿಯಾ ಮರಗಳು, ಕೆಲವು ಗುಲಾಬಿ, ಕೆಲವು ಹಳದಿ. ಮಾರ್ಚ್‌ನಲ್ಲಿ ಜಕರಂಡದ ನೇರಳೆ, ಹೊಂಗೆಯ ಹೊಸ ಚಿಗುರು. ಏಪ್ರಿಲ್ ಕಳೆಯುವಾಗ ಗುಲ್‌ಮೊಹರ್ ಕೆಂಪಾಗುತ್ತದೆ. ಇವುಗಳಲ್ಲಿ ತಬೂಬಿಯಾ, ಜಕರಂಡಗಳ ಮೂಲ ಅಮೆರಿಕ ಖಂಡ. ಗುಲ್‌ಮೊಹರ್ ಮಡಗಾಸ್ಕರ್ ದ್ವೀಪದ್ದು. ಹೊಂಗೆ ಮತ್ತು ಬೂರುಗ ಮಾತ್ರ ನಮ್ಮ ನೆಲದವು.

ನಾನು ಈಗ ಕಲಿಸುತ್ತಿರುವುದು ಕಲಬುರಗಿ ಜಿಲ್ಲೆ ಆಳಂದ ತಾಲ್ಲೂಕಿನ ನರೋಣಾದಲ್ಲಿ. ಅಲ್ಲಿಯ ಮಕ್ಕಳು ನನ್ನನ್ನು ಉಸ್ತಾದ್ ಎನ್ನುವುದಿಲ್ಲ, ಹಜರತ್ ಅಂತಾರೆ. ಕಳೆದ ಮಾರ್ಚ್‌ನಲ್ಲಿ ಕೆಲವು ಮಕ್ಕಳನ್ನು ರಾತ್ರಿ ರೈಲಿನಲ್ಲಿ ಬೆಂಗಳೂರಿಗೆ ಕರೆದುಕೊಂಡು ಹೋಗಿದ್ದೆವು. ಬಿಸಿಲ ನಾಡಿನ ಮಕ್ಕಳಿಗೆ ಬೇವು, ಹುಣಸೆ, ಜಾಲಿ ಗೊತ್ತುಂಟು. ದೂರದಿಂದಲೇ ಹುಣಸೆ ಗುರುತಿಸಿ ಕೂಗಿದರು. ಹೆಸರು ಗೊತ್ತಿಲ್ಲದ ಮರ ಸಿಕ್ಕಿದರೆ ಬುಡದಲ್ಲಿರುವ ಫಲಕ ಓದುತ್ತಿದ್ದರು. ಅವರಲ್ಲೊಬ್ಬ ಕೇಳಿದ: “ಹಜರತ್, ಇಷ್ಟು ಗಿಡ ಯಾರು ಹಚ್ಯಾರ್ರಿ?”

ಹೈದರಲಿ, ಟಿಪ್ಪು ಎನ್ನುವುದು ನಮ್ಮ ಬಾಯಿಗೆ ಮೊದಲು ಬರುವ ಉತ್ತರ. ಅದು ನಿಜವೇ. 1760ರಲ್ಲಿ ಹೈದರಲಿ ಸುಮಾರು 40 ಎಕರೆಯಲ್ಲಿ ಈ ತೋಟ ಶುರು ಮಾಡಿದರು. ಟಿಪ್ಪು ಸುಲ್ತಾನ್ ದೂರ ದೇಶಗಳಿಂದ ಬೀಜ, ಸಸಿ ತರಿಸಿ ಬೆಳೆಸಿದರು. ಟಿಪ್ಪು ಕಾಲದ್ದು ಎಂದು ಹೇಳುವ ಮಾವಿನ ಮರ ಇವತ್ತಿಗೂ ಅಲ್ಲಿದೆ.

ಆದರೆ ಉತ್ತರ ಅಲ್ಲಿಗೆ ಮುಗಿಯುವುದಿಲ್ಲ. ಇವತ್ತಿನ ಲಾಲ್‌ಬಾಗ್ 240 ಎಕರೆ. 40ರಿಂದ 240 ಆಗಿದ್ದು 1799ರ ನಂತರ ಬಂದ ಕೈಗಳಿಂದ. 1856ರಲ್ಲಿ ಅದು ಸರಕಾರಿ ಸಸ್ಯೋದ್ಯಾನವಾಯಿತು. ಜಾನ್ ಕ್ಯಾಮರಾನ್ ಕಾಲದಲ್ಲಿ, 1889ರಲ್ಲಿ, ಗಾಜಿನ ಮನೆಗೆ ಅಡಿಗಲ್ಲು ಬಿತ್ತು. 1908ರಲ್ಲಿ ಬಂದ ಜರ್ಮನಿಯ ಕ್ರುಂಬಿಗಲ್, ಒಂದು ಜಾತಿಯ ಹೂ ಮುಗಿಯುವಾಗ ಇನ್ನೊಂದು ಅರಳುವ ಹಾಗೆ ಬೆಂಗಳೂರಿನ ಬೀದಿಗಳಿಗೆ ಮರ ಆರಿಸಿದರು. ಆಮೇಲೆ ಜವರಾಯ, ಮರೀಗೌಡ. ಇವರೆಲ್ಲರ ಜೊತೆಗೆ, ಹೆಸರು ಎಲ್ಲೂ ಬರೆಯದ ನೂರಾರು ತೋಟದ ಆಳುಗಳು. ಸಸಿ ತರಿಸಿದವರನ್ನು ಇತಿಹಾಸ ನೆನಪಿಟ್ಟಿದೆ, ಬೇಸಿಗೆಯಲ್ಲಿ ನೀರು ಹೊತ್ತವರನ್ನು ನೆನಪಿಟ್ಟಿಲ್ಲ.

ಮಕ್ಕಳಿಗೆ ಹೇಳಬೇಕಾದ್ದು ಇದನ್ನೇ. ‘ಇದು ನಮ್ಮವರು ಕಟ್ಟಿದ್ದು’ ಎಂದು ಹೆಮ್ಮೆಪಡುವುದು ಸುಲಭ. ಕಟ್ಟಿದ್ದನ್ನು ಜಾತಿ, ಧರ್ಮ, ದೇಶ ನೋಡದೆ ಬೇರೆ ಬೇರೆಯವರು ಕಾಪಾಡಿದ್ದರಿಂದಲೇ ನಮಗೆ ಹೆಮ್ಮೆಪಡಲು ಒಂದು ತೋಟ ಉಳಿದಿದೆ. ಹೈದರಲಿ ಹೆಸರು ಹೇಳುವ ನಾವು ನಮ್ಮ ಮನೆ ಎದುರಿನ ಮರದ ಹೆಸರಾದರೂ ತಿಳಿದಿರಬೇಡವೇ? ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸಲು ಹಲಸಿನ ಮರ ಕಡಿದ ಮನೆಗಳು ನಮ್ಮ ಊರಲ್ಲಿ ಎಷ್ಟಿಲ್ಲ?

ಹೋಗುವವರಿಗೆ ಎರಡು ಮಾತು. ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಒಳ್ಳೆಯ ಕಾಲ. ಮಂಗಳೂರಿನಿಂದ ರಾತ್ರಿ ಬಸ್ಸು ಹತ್ತಿದರೆ ಬಿಸಿಲೇರುವ ಮೊದಲೇ ತೋಟದೊಳಗೆ ಇರಬಹುದು. ಮೆಟ್ರೊದ ಹಸಿರು ಮಾರ್ಗದಲ್ಲಿ ಲಾಲ್‌ಬಾಗ್ ಎಂಬ ನಿಲ್ದಾಣವೇ ಉಂಟು. ಕೆಂಪೇಗೌಡ ಗೋಪುರ ಇರುವ ಬಂಡೆಯನ್ನೂ ಹತ್ತಿಸಿ, ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಮಕ್ಕಳ ಕೈಗೆ ಮೊಬೈಲ್ ಬದಲು ಒಂದು ನೋಟ್‌ಬುಕ್ಕು, ಪೆನ್ಸಿಲ್ ಕೊಡಿ. ಹತ್ತು ಮರದ ಹೆಸರು, ಅವು ಬಂದ ದೇಶ ಬರೆದುಕೊಳ್ಳಲಿ. ಕೊಂಬೆ ಜಗ್ಗುವುದು, ಹೂ ಕೀಳುವುದು ಬೇಡ, ಉದುರಿದ್ದನ್ನು ನೋಡಿದರೆ ಸಾಕು.

ಊರಿಗೆ ಬಂದ ಮೇಲೆ ಮಳೆ ಬೀಳುವಾಗ ಒಂದು ಸಸಿ ನೆಡಿಸಿ. ನೆಟ್ಟ ದಿನ ಫೋಟೊ ತೆಗೆಯದಿದ್ದರೂ ಅಡ್ಡಿಯಿಲ್ಲ, ಮುಂದಿನ ಮಾರ್ಚ್‌ನಲ್ಲಿ ಅದಕ್ಕೆ ನೀರು ಹಾಕುವವರು ಯಾರು ಎಂಬುದನ್ನು ಅವತ್ತೇ ಮಾತಾಡಿಕೊಳ್ಳಿ.