ಎದೆಮೂಳೆಯಲ್ಲೊಂದು ಹುಟ್ಟುತೂತು

ನವಿ ಮುಂಬೈಯ ಖಾರಘರದಲ್ಲಿ ಟಾಟಾ ಸ್ಮಾರಕ ಕೇಂದ್ರದ ಆಕ್ಟ್ರೆಕ್ ಇದೆ. ಕ್ಯಾನ್ಸರಿನ ಚಿಕಿತ್ಸೆ, ಸಂಶೋಧನೆ ಎರಡೂ ಅಲ್ಲಿ ಒಂದೇ ಆವರಣದಲ್ಲಿ ನಡೆಯುತ್ತವೆ. ಇಂಥ ಆಸ್ಪತ್ರೆಗಳಲ್ಲಿ ಎದೆಯ ಸಿ.ಟಿ. ಸ್ಕ್ಯಾನ್ ನೋಡುವಾಗ ಎದೆಮೂಳೆಯ ಕೆಳಭಾಗದಲ್ಲಿ ದುಂಡನೆಯ ತೂತು ಕಂಡರೆ ರೋಗಿಯ ಎದೆ ಝಲ್ಲೆನ್ನುತ್ತದೆ: ಕ್ಯಾನ್ಸರ್ ಮೂಳೆಗೂ ಇಳಿಯಿತೇ?

ಆ ತೂತು ಹುಟ್ಟಿನಿಂದಲೇ ಬಂದಿರಬಹುದು. ಗರ್ಭದಲ್ಲಿ ಎದೆಮೂಳೆ ಮೊದಲು ಎಡಕ್ಕೊಂದು ಬಲಕ್ಕೊಂದು ಮೃದ್ವಸ್ಥಿಯ ಪಟ್ಟಿ. ಅಂಗಿಗೆ ಮೇಲಿನಿಂದ ಗುಂಡಿ ಹಾಕಿಕೊಂಡು ಬಂದಂತೆ ಅವೆರಡೂ ಕುತ್ತಿಗೆಯ ಕಡೆಯಿಂದ ಕೆಳಕ್ಕೆ ಕೂಡಿಕೊಳ್ಳುತ್ತವೆ. ಕೂಡಿಕೆ ಪೂರ್ತಿಯಾಗದೆ ಉಳಿದ ಜಾಗವೇ ತೂತು. ಹೆಚ್ಚಾಗಿ ಅದು ಕೆಳಭಾಗದಲ್ಲಿರುವುದು ಇದಕ್ಕೇ. ಲೆಕ್ಕ ಅಧ್ಯಯನದಿಂದ ಅಧ್ಯಯನಕ್ಕೆ ಬದಲಾದರೂ ನೂರರಲ್ಲಿ ಸುಮಾರು 5 ಮಂದಿಗೆ ಇದು ಇರುತ್ತದೆ. ಮುಂದಿನಿಂದ ತೆಗೆದ ಸಾಮಾನ್ಯ ಎಕ್ಸ್-ರೇಯಲ್ಲಿ ಬೆನ್ನುಮೂಳೆ, ಹೃದಯಗಳ ನೆರಳಿನಲ್ಲಿ ಎದೆಮೂಳೆ ಮರೆಯಾಗುತ್ತದೆ. ಸಿ.ಟಿ. ತೆಳ್ಳನೆಯ ಪದರುಗಳಲ್ಲಿ ನೋಡುವುದರಿಂದ ಈ ತೂತು ಸ್ಪಷ್ಟವಾಗಿ ಕಾಣುತ್ತದೆ.

ಗುರುತು ಹಿಡಿಯುವುದು ಅಂಚಿನಿಂದ. ಹುಟ್ಟುತೂತು ಮೂಳೆಯ ಎಡ-ಬಲಗಳ ಸರಿನಡುವೆ ಇರುತ್ತದೆ. ಅಂಚು ನಯ, ಸುತ್ತ ಗಟ್ಟಿ ಮೂಳೆ. ಕ್ಯಾನ್ಸರ್ ತಿಂದ ಜಾಗದ ಅಂಚು ಸಾಮಾನ್ಯವಾಗಿ ಒರಟು, ಪಕ್ಕದಲ್ಲಿ ಗಡ್ಡೆಯ ಮಾಂಸವೂ ಕಾಣಬಹುದು. ಬೋನ್ ಸ್ಕ್ಯಾನ್ ಇನ್ನೂ ಗೊಂದಲ ಹುಟ್ಟಿಸುತ್ತದೆ: ತೂತಿನಲ್ಲಿ ಮೂಳೆಯೇ ಇಲ್ಲದ್ದರಿಂದ, ಸ್ಕ್ಯಾನಿಗಾಗಿ ಚುಚ್ಚಿದ ವಿಕಿರಣ ಔಷಧ ಅಲ್ಲಿ ಸೇರದೆ ಖಾಲಿ ಕಲೆ ಮೂಡುತ್ತದೆ. ಆಗ ಸಿ.ಟಿ.ಯ ಜೊತೆಗಿಟ್ಟು ಓದಬೇಕು. ಹಳೆಯ ಸ್ಕ್ಯಾನಿನಲ್ಲೂ ಅದೇ ತೂತು ಹಾಗೆಯೇ ಇದ್ದರೆ ಅನುಮಾನ ಬಹುಮಟ್ಟಿಗೆ ತೀರುತ್ತದೆ, ಹಳೆಯ ಸಿ.ಡಿ.ಗಳನ್ನು ಎಸೆಯಬೇಡಿ.

ಎದೆಮೂಳೆಯಲ್ಲಿ ಬೇರೆ ವ್ಯತ್ಯಾಸಗಳೂ ಇವೆ. ಕೆಲವರಲ್ಲಿ ಗಂಟಲಗುಳಿಯ ಹತ್ತಿರ ಎದೆಮೂಳೆಯ ನೆತ್ತಿಯಲ್ಲಿ ಬಟಾಣಿಯಷ್ಟು ಪುಟ್ಟ ಮೂಳೆಗಳಿದ್ದು, ಅಪಘಾತವಾದವರಲ್ಲಿ ಮುರಿದ ಚೂರುಗಳೆಂಬ ಭ್ರಮೆ ಹುಟ್ಟಿಸುತ್ತವೆ. ಕೆಳತುದಿಯ ಕ್ಸಿಫಾಯ್ಡ್ ಕೆಲವರಲ್ಲಿ ಕವಲೊಡೆದಿರುತ್ತದೆ, ಕೆಲವರಲ್ಲಿ ಮುಂದಕ್ಕೆ ಬಾಗಿ ಕೈಗೆ ಗಡ್ಡೆಯಂತೆ ಸಿಗುತ್ತದೆ.

ರೋಗವಲ್ಲವೆಂದು ವರದಿಯಲ್ಲಿ ತೂತಿನ ಮಾತೇ ಬಿಟ್ಟರೆ ನನ್ನ ದೃಷ್ಟಿಯಲ್ಲಿ ಅದು ತಪ್ಪು. ತೂತಿನ ಹಿಂದೆಯೇ ಹೃದಯವಿದೆ. ಅಕ್ಯುಪಂಕ್ಚರ್ ಸೂಜಿ ಇಂಥ ತೂತಿನಿಂದ ಒಳಹೊಕ್ಕು, ಹೃದಯದ ಸುತ್ತಲಿನ ಚೀಲದಲ್ಲಿ ರಕ್ತ ತುಂಬಿ ಸಾವು ಸಂಭವಿಸಿದ್ದನ್ನು ನಾರ್ವೆಯ ವೈದ್ಯರು 1995ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ವರದಿ ಮಾಡಿದರು. ಮೂಳೆಮಜ್ಜೆ ತೆಗೆಯುವ ಸೂಜಿಗೂ ಇದೇ ಅಪಾಯ. ಆದ್ದರಿಂದ ಈಗ ಮಜ್ಜೆಯನ್ನು ಸಾಮಾನ್ಯವಾಗಿ ಸೊಂಟದ ಹಿಂಬದಿಯ ಮೂಳೆಯಿಂದ ತೆಗೆಯುತ್ತಾರೆ. ಎದೆಮೂಳೆಯೇ ಬೇಕಾದಾಗ ಸೂಜಿ ಚುಚ್ಚುವುದು ಎರಡನೇ ಪಕ್ಕೆಲುಬಿನ ಆಸುಪಾಸಿನ ಮೇಲ್ಭಾಗಕ್ಕೆ.