ಎರಡು ಗ್ರೌಂಡಿನ ಮನೆ

ಚೆನ್ನೈನಲ್ಲಿ ಮನೆಯ ಜಾಗದ ಪ್ರಸ್ತಾಪ ಬಂದರೆ ಅರವತ್ತು-ನಲವತ್ತು ಎಂಬ ಮಾತು ಯಾರ ಬಾಯಲ್ಲೂ ಬರುವುದಿಲ್ಲ. ಅಲ್ಲಿ ಎಲ್ಲವೂ ಗ್ರೌಂಡಿನ ಲೆಕ್ಕ. ಒಂದು ಗ್ರೌಂಡ್ ಎಂದರೆ 2,400 ಚದರಡಿ, ಬೆಂಗಳೂರಿನ ಅರವತ್ತು-ನಲವತ್ತು ಸೈಟಿನಷ್ಟೇ. ಮಂದವೆಳಿಯಲ್ಲಿದ್ದ ನಮ್ಮ ದೊಡ್ಡಮ್ಮನ ಮನೆ ಎರಡು ಗ್ರೌಂಡಿನದು. ದೊಡ್ಡಪ್ಪ ಹೋದ ಮೇಲೆ ತಿಂಗಳಿಗೊಬ್ಬರಾದರೂ ಬ್ರೋಕರು ಗೇಟಿನಾಚೆ ನಿಂತು ವಿಚಾರಿಸುತ್ತಿದ್ದರು. "ಬಂದೋರು ಒಬ್ಬರೂ ತಲೆ ಎತ್ತಿ ಮನೆ ನೋಡಲಿಲ್ಲ ಮಗೂ. ಕಾಂಪೌಂಡಿನ ಈ ತುದಿಯಿಂದ ಆ ತುದಿಗೆ ಕಣ್ಣಲ್ಲೇ ಅಳೆದು ಹೋದರು" ಎನ್ನುತ್ತಿದ್ದರು ದೊಡ್ಡಮ್ಮ.

ತಲೆ ಎತ್ತಿದ್ದರೆ ಕಾಣುತ್ತಿತ್ತು. ಬೀದಿಯ ಮೂಲೆಗೆ ಹಡಗಿನ ಮೂತಿಯ ಹಾಗೆ ದುಂಡಗೆ ತಿರುಗಿದ ಬಾಲ್ಕನಿ. ಅದರ ಹೊಟ್ಟೆಯುದ್ದಕ್ಕೂ ಗಾರೆಯಲ್ಲಿ ಎಳೆದ ಮೂರು ಗೆರೆ. ಮೆಟ್ಟಿಲು ತಿರುಗುವ ಕಡೆ ಒಂದು ದುಂಡು ಕಿಟಕಿ. ಗೇಟಿನಲ್ಲಿ ಕಬ್ಬಿಣದ ಪಟ್ಟಿಗಳಿಂದ ಮಾಡಿದ ಅರ್ಧ ಸೂರ್ಯ, ನೆತ್ತಿಯಲ್ಲಿ 1949 ಎಂಬ ಇಸವಿ. ಈ ಶೈಲಿಗೆ ಆರ್ಟ್ ಡೆಕೊ ಎಂಬ ಹೆಸರಿದೆ ಎಂದು ನನಗೆ ತಿಳಿದದ್ದು ಬಹಳ ತಡವಾಗಿ. 1930ರ ದಶಕದಲ್ಲಿ ಮದ್ರಾಸಿನ ಕಚೇರಿಗಳಿಗೂ ಸಿನಿಮಾ ಮಂದಿರಗಳಿಗೂ ಬಂದ ಶೈಲಿ ಅದು; ಪ್ಯಾರೀಸ್ ಕಾರ್ನರಿನ ಡೇರ್ ಹೌಸ್ ಇಂದಿಗೂ ಅದನ್ನು ತೋರಿಸುತ್ತ ನಿಂತಿದೆ. ನಂತರದ ದಶಕಗಳಲ್ಲಿ ಮಧ್ಯಮ ವರ್ಗದ ಮನೆಗಳೂ ಅದನ್ನು ಎತ್ತಿಕೊಂಡವು, ಆದರೆ ತಮ್ಮ ಮನಸ್ಸಿಗೆ ಬಂದಂತೆ. ಹಡಗಿನ ಬಾಲ್ಕನಿಯ ಕೆಳಗೆ ಹಳೆಯ ತಿಣ್ಣೈ, ಅಂದರೆ ನಮ್ಮ ಜಗಲಿ, ಹಾಗೇ ಉಳಿಯಿತು. ಕಿಟಕಿಯ ಗ್ರಿಲ್ಲಿನಲ್ಲಿ ಓಂಕಾರ ಬಂತು. ಒಳಗೆ ಉಯ್ಯಾಲೆಮಣೆ, ಕೆಂಪು ಗಾರೆಯ ನೆಲ, ಹಿತ್ತಲಲ್ಲಿ ಬಾವಿ, ಎರಡು ತೆಂಗು. ಇಡೀ ಬೀದಿಯಲ್ಲಿ ಒಂದು ಮನೆಯಂತೆ ಇನ್ನೊಂದಿರಲಿಲ್ಲ. ವಿಳಾಸ ಕೇಳಿದವರಿಗೆ ನಂಬರು ಹೇಳುವ ಬದಲು "ಹಡಗಿನ ಮನೆ ದಾಟಿ ಎಡಕ್ಕೆ" ಎನ್ನುತ್ತಿದ್ದರು.

ಈ ಬಡಾವಣೆಗಳು ಅನಾದಿಯಿಂದ ಇದ್ದವೇನಲ್ಲ. ತ್ಯಾಗರಾಯನಗರವನ್ನೇ ನೋಡಿ. ನುಂಗಂಬಾಕಂನಿಂದ ದಕ್ಷಿಣದ ಕಡೆಗೆ ಉದ್ದಕ್ಕೆ ಚಾಚಿದ್ದ ದೊಡ್ಡ ಕೆರೆಯ ನೀರು ಬಸಿದು, 1923ರ ಹೊತ್ತಿಗೆ ಅಲ್ಲಿ ಬೀದಿ ಗುರುತು ಹಾಕಲು ತೊಡಗಿದರು. ಜಸ್ಟಿಸ್ ಪಕ್ಷದ ಪಿ. ತ್ಯಾಗರಾಯ ಚೆಟ್ಟಿಯವರ ಹೆಸರು ಬಡಾವಣೆಗೆ ಬಂತು, ಮದ್ರಾಸ್ ಪ್ರಾಂತ್ಯದ ಆಗಿನ ಪ್ರಧಾನಿಯಾಗಿದ್ದ ಪಾನಗಲ್ಲಿನ ರಾಜರ ಹೆಸರು ಪಾರ್ಕಿಗೆ ಬಂತು. ಪಶ್ಚಿಮ ಮಾಂಬಲಂನಲ್ಲಿ ಲೇಕ್ ವ್ಯೂ ರೋಡ್ ಇವತ್ತಿಗೂ ಇದೆ, ಕೆರೆ ಮಾತ್ರ ಇಲ್ಲ. ನಾವು ಹಳೆಯದೆಂದು ಮರುಗುವ ಮನೆಗಳು ಒಂದು ಕೆರೆಯನ್ನು ನುಂಗಿ ಎದ್ದವು. ಇದನ್ನು ಮರೆತು ಬರೆದರೆ ನನ್ನ ದುಃಖ ಅರ್ಧ ಸುಳ್ಳಾಗುತ್ತದೆ.

ಹಾಗಾದರೆ ಆ ಮನೆಗಳನ್ನು ಕೆಡವಿದ್ದು ಯಾವುದು? ಬಿಲ್ಡರುಗಳ ದುರಾಸೆ ಎಂದು ಒಂದೇ ಮಾತಿನಲ್ಲಿ ಹೇಳುವವರಿದ್ದಾರೆ. ನಾನು ಕಣ್ಣಾರೆ ಕಂಡದ್ದು ಬೇರೆ. ದೊಡ್ಡಮ್ಮನಿಗೆ ಮೂವರು ಗಂಡುಮಕ್ಕಳು, ಒಬ್ಬಳು ಮಗಳು. ಉಯಿಲಿರಲಿಲ್ಲ. ತಂದೆಯ ಸ್ವಂತ ಗಳಿಕೆಯಲ್ಲಿ ಮಗಳಿಗೂ ಸಮಪಾಲು ಎಂದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೇ ಹೇಳಿತ್ತು. ಪಿತ್ರಾರ್ಜಿತದಲ್ಲೂ ಪಾಲು ಎಂದು ತಮಿಳುನಾಡು 1989ರಲ್ಲಿ ಸೇರಿಸಿತು, ಕರ್ನಾಟಕದಲ್ಲಿ ಅದು 1994ರಿಂದ ಜಾರಿಯಾಯಿತು. ಇದು ನ್ಯಾಯ, ಇದರಲ್ಲಿ ಎರಡು ಮಾತಿಲ್ಲ. ಆದರೆ ದುಂಡು ಬಾಲ್ಕನಿಯನ್ನು ನಾಲ್ಕು ಮಾಡುವುದು ಹೇಗೆ? ಹಿಂದಿನವರು ಹಜಾರದ ನಡುವೆ ಗೋಡೆ ಎಬ್ಬಿಸುತ್ತಿದ್ದರು, ಮಾತು ಬಿಡುತ್ತಿದ್ದರು. 1970ರ ದಶಕದ ಕೊನೆಯಿಂದ ಊರಿಗೆ ಹಬ್ಬಿದ ಫ್ಲ್ಯಾಟು ಆ ಜಗಳಕ್ಕೆ ಮದ್ದಾಯಿತು. ನೆಲವನ್ನು ಮಾರಬೇಕಿಲ್ಲ; ಬಿಲ್ಡರಿಗೆ ವಹಿಸಿದರೆ ಸಾಕು. ಕಟ್ಟಿದ್ದರಲ್ಲಿ ಅರ್ಧ, ಜಾಗ ಒಳ್ಳೆಯದಾದರೆ ಅದಕ್ಕೂ ಹೆಚ್ಚು, ಮನೆಯವರಿಗೆ. ಉಳಿದದ್ದನ್ನು ಅವನು ಮಾರಿಕೊಳ್ಳುತ್ತಾನೆ. ಕಟ್ಟಿ ಮುಗಿಯುವವರೆಗೆ ಬಾಡಿಗೆಯೂ ಅವನದೇ. ಪ್ರತಿ ಫ್ಲ್ಯಾಟಿಗೂ ನೆಲದಲ್ಲಿ ಇಂತಿಷ್ಟು ಚದರಡಿಯ ಅವಿಭಕ್ತ ಪಾಲು. ಚೆನ್ನೈನಲ್ಲಿ ಹೂವು ಮಾರುವವರಿಗೂ ಗೊತ್ತಿರುವ ಮಾತು ಅದು: ಯುಡಿಎಸ್.

ಆಗಿನ ನಿಯಮದಂತೆ ನೆಲದ ಒಂದೂವರೆ ಪಟ್ಟು ಕಟ್ಟಬಹುದಿತ್ತು. 4,800ಕ್ಕೆ 7,200 ಚದರಡಿ, ಎಂಟು ಫ್ಲ್ಯಾಟು. ನಾಲ್ಕು ಮಕ್ಕಳಿಗೆ ನಾಲ್ಕು, ಬಿಲ್ಡರಿಗೆ ನಾಲ್ಕು. ಅಮೆರಿಕದಲ್ಲಿದ್ದ ಇಬ್ಬರು ಫೋನಿನಲ್ಲೇ ಒಪ್ಪಿದರು. ಲೆಕ್ಕ ಎಷ್ಟು ನೇರವಾಗಿತ್ತೆಂದರೆ ಯಾರೂ ಯಾರ ಮೇಲೂ ಮುನಿಸಿಕೊಳ್ಳಲಿಲ್ಲ. ಆ ಲೆಕ್ಕದ ಹಾಳೆಯನ್ನು ನಾನು ನೋಡಿದ್ದೇನೆ. ಅದರಲ್ಲಿ ಕಾರ್ಪೆಟ್ ಏರಿಯಾ ಇತ್ತು, ಪಾರ್ಕಿಂಗ್ ಇತ್ತು. ಬೇಸಿಗೆ ಮಧ್ಯಾಹ್ನ ತರಕಾರಿಯವಳು ಬುಟ್ಟಿ ಇಳಿಸಿ, ಯಾರ ಅಪ್ಪಣೆಯನ್ನೂ ಕೇಳದೆ ಕಾಲು ಚಾಚಿ ಕೂರುತ್ತಿದ್ದ ತಿಣ್ಣೈಗೆ ಒಂದು ಸಾಲೂ ಇರಲಿಲ್ಲ. ಮನೆಯೊಳಗೂ ಅಲ್ಲದ, ಬೀದಿಯೂ ಅಲ್ಲದ ಆ ಜಾಗ ಯಾರ ಪಾಲಿಗೂ ಬರುವಂಥದ್ದಲ್ಲ. ನನ್ನ ನೋವು ಇರುವುದು ಅಲ್ಲೇ.

ದೊಡ್ಡವರ ಮನೆಗಳ ಕಥೆ ಬೇರೆ. ಆರ್.ಕೆ. ನಾರಾಯಣ್ 1906ರಲ್ಲಿ ಹುಟ್ಟಿದ್ದು ಇದೇ ಮದ್ರಾಸಿನಲ್ಲಿ. ನವಿಲು, ಕೋತಿಗಳನ್ನು ಜೊತೆಗಿಟ್ಟುಕೊಂಡು ಅವರು ಬಾಲ್ಯ ಕಳೆದ ಪುರಸವಾಕಂನ ಅಜ್ಜಿಮನೆ ಈಗಿಲ್ಲ. ಆದರೆ ಮೈಸೂರಿನ ಯಾದವಗಿರಿಯ ಅವರ ಮನೆಯನ್ನು 2011ರಲ್ಲಿ ಕೆಡವತೊಡಗಿದಾಗ ಊರೇ ಎದ್ದಿತು. ಕೆಲಸ ನಿಂತು, 2016ರಲ್ಲಿ ಅದು ಸ್ಮಾರಕವಾಗಿ ತೆರೆಯಿತು. ಚೆನ್ನೈನಲ್ಲೂ 2010ರಲ್ಲಿ ಹೈಕೋರ್ಟ್ 467 ಪಾರಂಪರಿಕ ಕಟ್ಟಡಗಳ ಪಟ್ಟಿಯನ್ನು ಎತ್ತಿಹಿಡಿಯಿತು. ಒಬ್ಬ ಸಾಮಾನ್ಯ ನೌಕರ ಸಾಲ ಮಾಡಿ ಕಟ್ಟಿದ ಹಡಗಿನ ಮನೆಗೆ ಅಂಥ ಪಟ್ಟಿಯ ಬಾಗಿಲು ಕಾಣುವುದೇ ಇಲ್ಲ. ಅದೇನೂ ತಾಜ್‌ಮಹಲಲ್ಲ, ನಿಜ. ಆದರೆ ಒಂದು ಊರಿಗೆ ಮುಖ ಬರುವುದು ಅಂಥ ನೂರಾರು ಮನೆಗಳಿಂದ.

ಕೆಡವುವ ದಿನ ಹೋಗಬಾರದೆಂದುಕೊಂಡಿದ್ದೆ, ಹೋದೆ. ಹಳೆಯ ಮನೆ ಕೆಡವುವವನು ಕೂಲಿ ಕೇಳುವುದಿಲ್ಲ, ಮನೆಯವರಿಗೆ ತಾನೇ ದುಡ್ಡು ಕೊಡುತ್ತಾನೆ. ಬರ್ಮಾ ತೇಗದ ತೊಲೆ, ಬಾಗಿಲು, ಗ್ರಿಲ್ಲು, ಇಟ್ಟಿಗೆ ಎಲ್ಲಕ್ಕೂ ಬೆಲೆಯಿದೆ. ಮೊದಲು ಇಳಿದದ್ದು ಬಾಗಿಲುಗಳು. ಆಮೇಲೆ ಮಾಳಿಗೆ. ಅದು ಮದ್ರಾಸ್ ತಾರಸಿ. ನಮ್ಮ ಬಸವನಗುಡಿ, ಮಲ್ಲೇಶ್ವರದ ಹಳೆಯ ಮನೆಗಳಲ್ಲಿ ಕಾಣುವಂಥದೇ. ತೇಗದ ತೊಲೆಗಳ ಮೇಲೆ ಸಣ್ಣ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಓರೆಯಾಗಿ ಸಾಲುಗಟ್ಟಿ, ಸುಣ್ಣದ ಗಾರೆಯಲ್ಲಿ ಕೂರಿಸಿದ ಸೂರು. ಹಾರೆ ತಗಲಿದಾಗ ಅದು ಒಡೆಯಲಿಲ್ಲ, ಸಾಲು ಸಾಲಾಗಿ ಬಿಚ್ಚಿಕೊಂಡಿತು, ಹೊಲಿಗೆ ಬಿಚ್ಚಿದ ಹಾಗೆ. ಸುಣ್ಣದ ಧೂಳಿನಲ್ಲಿ ಕೆಲಸದವನೊಬ್ಬ ಒಂದು ಇಟ್ಟಿಗೆ ಎತ್ತಿ ಬೆರಳ ಗೆಣ್ಣಿನಿಂದ ತಟ್ಟಿ ತೋರಿಸಿದ. ಕಂಚಿನ ಲೋಟದಂತೆ ಟಣ್ ಎಂದಿತು. ದುಂಡು ಕಿಟಕಿ ಯಾರಿಗೂ ಬೇಕಾಗಲಿಲ್ಲ.

ಪುಣ್ಯ ಮಾಡಿದ ಕೆಲವು ಮನೆಗಳು ಹೊಸ ಜಾಗದಲ್ಲಿ ಬದುಕಿವೆ. ಚೆನ್ನೈನಿಂದ ಮಹಾಬಲಿಪುರದ ದಾರಿಯಲ್ಲಿ, ಮುಟ್ಟುಕಾಡಿನಲ್ಲಿ, 1996ರಲ್ಲಿ ತೆರೆದ ದಕ್ಷಿಣಚಿತ್ರದಲ್ಲಿ ತಮಿಳುನಾಡಿನ ಅಗ್ರಹಾರದ ಮನೆ, ಚೆಟ್ಟಿನಾಡಿನ ಮನೆಗಳ ಜೊತೆ ನಮ್ಮ ಇಳಕಲ್ಲಿನ ನೇಕಾರರ ಮನೆಯೂ ಇದೆ. ನೋಡಲೇಬೇಕಾದ ಜಾಗ. ಅಲ್ಲಿನ ಜಗಲಿಯ ಮೇಲೆ ನಾನೂ ಕುಳಿತಿದ್ದೇನೆ. ತರಕಾರಿಯವಳು ಮಾತ್ರ ಬರಲಿಲ್ಲ.

ಈಗ ಫ್ಲ್ಯಾಟುಗಳ ಸರದಿ. 2019ರ ನಿಯಮ ಒಂದೂವರೆಯನ್ನು ಎರಡಕ್ಕೇರಿಸಿತು. ಮೂರರಲ್ಲಿ ಎರಡು ಪಾಲು ಮಾಲೀಕರು ಒಪ್ಪಿದರೆ ಹಳೆಯ ಅಪಾರ್ಟ್‌ಮೆಂಟನ್ನು ಕೆಡವಿ ಕಟ್ಟಲು 2022ರ ಕಾಯ್ದೆ ದಾರಿ ಮಾಡಿತು. ದೊಡ್ಡಮ್ಮನ ಮೊಮ್ಮಕ್ಕಳ ವಾಟ್ಸಾಪ್ ಗುಂಪಿನಲ್ಲಿ ಆ ಚರ್ಚೆ ಆಗಲೇ ಶುರುವಾಗಿದೆ.

ಹಳೆಯ ಮನೆಯದೆಂದು ಅಲ್ಲಿ ಉಳಿದಿರುವುದು ಬಾವಿಯೊಂದೇ. ತಳಮಹಡಿಯ ಪಾರ್ಕಿಂಗಿನಲ್ಲಿ, ಎರಡು ಕಾರುಗಳ ನಡುವೆ, ಕಾಂಕ್ರೀಟಿನ ಮುಚ್ಚಳದಡಿ. ಅಲ್ಲೊಂದು ಬಾವಿಯಿದೆಯೆಂದು ಎಂಟು ಮನೆಯ ಎಷ್ಟೋ ಜನಕ್ಕೆ ತಿಳಿದಿರಲಿಲ್ಲ. 2019ರ ಜೂನ್‌ನಲ್ಲಿ ಪುಳಲ್, ಚೆಂಬರಂಬಾಕಂ ಕೆರೆಗಳು ಒಣಗಿ, ಟ್ಯಾಂಕರಿಗೆ ಬುಕ್ ಮಾಡಿ ವಾರಗಟ್ಟಲೆ ಕಾಯಬೇಕಾದಾಗ ದೊಡ್ಡಮ್ಮ ನೆನಪಿಸಿದರು. ನಾಲ್ವರು ಸೇರಿ ಮುಚ್ಚಳ ಸರಿಸಿದರು. ದೊಡ್ಡಮ್ಮ ಗೋಡೆ ಹಿಡಿದು ನಿಂತು, ಒಂದು ಸಣ್ಣ ಕಲ್ಲು ಎಸೆದು ಕಿವಿಗೊಟ್ಟರು. ಸ್ವಲ್ಪ ಹೊತ್ತಿನ ಮೇಲೆ ಬಹಳ ಕೆಳಗೆ, ನೀರಿನ ಸದ್ದಾಯಿತು.